ಹೋದವನ ಪ್ರೀತಿ: ಒಂದು ಸಿನಿಮಾ, ಟೆಕ್ಸಸ್ ಮತ್ತು ನಮ್ಮ ಗಲ್ಫ್

ಗಲ್ಫ್‌ನಲ್ಲಿ ಒಂದು ರೂಮಿನಲ್ಲಿ ನಾಲ್ಕು ಜನ ಇದ್ದರೆ ಅಲ್ಲಿ ಮೂರು ಭಾಷೆ ಇರುತ್ತದೆ, ಟಿ.ವಿ. ಮಾತ್ರ ಒಂದೇ. ಹೀಗಾಗಿ ಇಲ್ಲಿ ಹತ್ತು ಹದಿನೈದು ವರ್ಷ ಕಳೆದ ಯಾವ ಕನ್ನಡಿಗನಿಗೂ ತಮಿಳು, ಮಲಯಾಳ ಸಿನಿಮಾಗಳನ್ನು ಯಾರೂ ಪರಿಚಯಿಸಬೇಕಾಗಿಲ್ಲ. ರಜೆಯ ಹಿಂದಿನ ರಾತ್ರಿ ರೂಮಿನವರೆಲ್ಲ ಕೂತು ನೋಡುವ ಪ್ರೇಮಕಥೆಗಳಲ್ಲಿ 2008ರಲ್ಲಿ ಬಂದ ತಮಿಳಿನ ‘ವಾರಣಂ ಆಯಿರಂ’ ಕೂಡ ಒಂದು. ಗೌತಮ್ ಮೆನನ್ ನಿರ್ದೇಶನ, ಅಪ್ಪನಾಗಿಯೂ ಮಗನಾಗಿಯೂ ಸೂರ್ಯ. ನಮ್ಮ ರಮ್ಯಾ ಅದರಲ್ಲಿ ಇದ್ದಾರೆ ಎಂಬ ಹೆಮ್ಮೆ ನಮಗೆ ಬೇರೆ. ರೈಲಿನಲ್ಲಿ ಕಂಡ ಹುಡುಗಿ ಓದಲು ಅಮೆರಿಕಕ್ಕೆ ಹೋದಳೆಂದು ನಾಯಕನೂ ಅವಳ ಹಿಂದೆ ಅಮೆರಿಕಕ್ಕೇ ಹೋಗಿಬಿಡುತ್ತಾನೆ. ಆ ದೃಶ್ಯ ಬಂದಾಗ ನಮ್ಮಂಥವರ ರೂಮಿನಲ್ಲಿ ಏಳುವ ಮೊದಲ ಪ್ರಶ್ನೆ ಪ್ರೀತಿಯದಲ್ಲ. “ಇವನಿಗೆ ವೀಸಾ ಯಾರು ಕೊಟ್ಟರಪ್ಪಾ?”

ಇದು ನಗೆಮಾತಾದರೂ ಸುಳ್ಳಲ್ಲ. ಕಡಲಾಚೆ ದುಡಿಯುವವರ ಬದುಕಿನಲ್ಲಿ ಪ್ರೀತಿ ವೀಸಾದ ಹಿಂದೆ ನಡೆಯುತ್ತದೆ. ಗಂಡ ಹೆಂಡತಿ ಒಟ್ಟಿಗೆ ಇರಬಹುದೇ, ಮಗುವಿನ ಮೊದಲ ಹೆಜ್ಜೆಯನ್ನು ಅಪ್ಪ ನೋಡಬಹುದೇ ಎಂಬುದನ್ನೆಲ್ಲ ನಿರ್ಧರಿಸುವುದು ಯಾವುದೋ ಕಚೇರಿಯ ಒಂದು ಠಸ್ಸೆ. ಈ ಮಾತನ್ನು ಕನ್ನಡದಲ್ಲಿ ಪ್ರೇಮಕಥೆಯಾಗಿ ಮನೆಮನೆಗೆ ಮುಟ್ಟಿಸಿದ ಸಿನಿಮಾ ‘ಅಮೆರಿಕಾ ಅಮೆರಿಕಾ’. ಅದು ಹೇಳಿದ್ದೇನು, ಅದರಾಚೆ ಇತಿಹಾಸ ಹೇಳುತ್ತಿರುವುದೇನು ಎಂದು ಈ ಸಂಚಿಕೆಯಲ್ಲಿ ನಾವು ಸ್ವಲ್ಪ ಲೆಕ್ಕ ಹಾಕೋಣ.

ವಿದೇಶ ನೋಡಿದ ಕನ್ನಡ ಸಿನಿಮಾ

ಕನ್ನಡ ಚಿತ್ರರಂಗ ಗಡಿ ದಾಟಿದ್ದು 1978ರಲ್ಲಿ. ಅದೇ ವರ್ಷ ಡಾ. ರಾಜ್‌ಕುಮಾರ್ ಅವರ ‘ಆಪರೇಷನ್ ಡೈಮಂಡ್ ರಾಕೆಟ್’ ನೇಪಾಳವನ್ನು ತೋರಿಸಿತು; ವಿಷ್ಣುವರ್ಧನ್ ಮತ್ತು ದ್ವಾರಕೀಶ್ ‘ಸಿಂಗಾಪೂರಿನಲ್ಲಿ ರಾಜಾ ಕುಳ್ಳ’ನಾಗಿ ಕಡಲು ದಾಟಿದರು. ಆ ಎರಡನೆಯ ಚಿತ್ರದ ನಿರ್ದೇಶಕ ಸಿ.ವಿ. ರಾಜೇಂದ್ರನ್ ತಮಿಳಿನವರು. ಮರುವರ್ಷವೇ, 1979ರಲ್ಲಿ, ಕೆ. ಬಾಲಚಂದರ್ ತಮ್ಮ ತಮಿಳು ಪ್ರೇಮಕಥೆ ‘ನಿನೈತ್ತಾಲೆ ಇನಿಕ್ಕುಂ’ಗಾಗಿ ಕಮಲಹಾಸನ್, ರಜನೀಕಾಂತ್, ಜಯಪ್ರದಾ ಅವರನ್ನು ಸಿಂಗಾಪುರಕ್ಕೆ ಕರೆದೊಯ್ದರು. 1986ರಲ್ಲಿ ದ್ವಾರಕೀಶ್ ‘ಆಫ್ರಿಕಾದಲ್ಲಿ ಶೀಲಾ’ ಮಾಡಿದರು.

ಆ ಕಾಲದ ಈ ಚಿತ್ರಗಳಲ್ಲಿ ವಿದೇಶವೆಂದರೆ ನೋಡಿ ಬರುವ ಜಾಗ. ಜಾತ್ರೆಗೆ ಹೋದಂತೆ. ಅಲ್ಲಿ ಮನೆ ಮಾಡಿ, ಬಾಡಿಗೆ ಕಟ್ಟಿ, ಒಲೆ ಹಚ್ಚಿ, ಊರಿನ ನೆನಪಿನಲ್ಲಿ ಮಗ್ಗುಲು ಬದಲಿಸುವ ಕನ್ನಡಿಗ ತೆರೆಯ ಮೇಲೆ ಬರಲು ಇನ್ನೂ ಹತ್ತು ವರ್ಷ ಕಾಯಬೇಕಾಯಿತು.

ಅವನನ್ನು ತಂದವರು ನಾಗತಿಹಳ್ಳಿ ಚಂದ್ರಶೇಖರ್. ಮಂಡ್ಯ ಜಿಲ್ಲೆಯ ನಾಗಮಂಗಲ ತಾಲೂಕಿನ ನಾಗತಿಹಳ್ಳಿಯವರು, ಕಥೆಗಾರರು, ಕನ್ನಡ ಮೇಷ್ಟ್ರು. ‘ಉಂಡೂ ಹೋದ ಕೊಂಡೂ ಹೋದ’ ಮತ್ತು ‘ಕೊಟ್ರೇಶಿ ಕನಸು’ ಚಿತ್ರಗಳಿಂದ ಆಗಲೇ ಹೆಸರಾಗಿದ್ದರು. 1997ರಲ್ಲಿ ಜನ ನೋಡಿದ ‘ಅಮೆರಿಕಾ ಅಮೆರಿಕಾ’ಕ್ಕೆ ಅತ್ಯುತ್ತಮ ಕನ್ನಡ ಚಿತ್ರವೆಂದು ರಾಷ್ಟ್ರ ಪ್ರಶಸ್ತಿ ಬಂತು. ರಮೇಶ್ ಅರವಿಂದ್, ಅಕ್ಷಯ್ ಆನಂದ್, ಹೇಮಾ ಪಂಚಮುಖಿ ಮುಖ್ಯ ಪಾತ್ರಗಳಲ್ಲಿದ್ದರು. ರಮೇಶ್ ಅವರನ್ನು 1986ರಲ್ಲಿ ಕನ್ನಡದ ‘ಸುಂದರ ಸ್ವಪ್ನಗಳು’ ಮೂಲಕ, ಮರುವರ್ಷ ತಮಿಳಿನ ‘ಮನದಿಲ್ ಉರುದಿ ವೇಂಡುಂ’ ಮೂಲಕ ಬೆಳಕಿಗೆ ತಂದವರು ಅದೇ ಬಾಲಚಂದರ್. ಸಂಗೀತ ಕೊಟ್ಟ ಮನೋ ಮೂರ್ತಿ ಸ್ವತಃ ಅಮೆರಿಕದಲ್ಲಿ ನೆಲೆಸಿದ್ದ ಕನ್ನಡಿಗರು. ಮುಂದೆ 2006ರಲ್ಲಿ ‘ಮುಂಗಾರು ಮಳೆ’ಯ ಹಾಡುಗಳಿಂದ ನಮ್ಮ ಮೊಬೈಲುಗಳನ್ನೆಲ್ಲ ತುಂಬಿದವರು ಇವರೇ.

ಕಥೆ ನಿಮಗೆ ಗೊತ್ತು. ಸೂರ್ಯ, ಶಶಾಂಕ, ಭೂಮಿಕಾ ಬಾಲ್ಯದ ಗೆಳೆಯರು. ಸೂರ್ಯ ನಮ್ಮ ನೆಲದಲ್ಲೇ ಏನಾದರೂ ಮಾಡಬೇಕೆನ್ನುವವನು. ಶಶಾಂಕನಿಗೆ ಅಮೆರಿಕದ ಕನಸು. ಇಬ್ಬರಿಗೂ ಭೂಮಿಕಾಳ ಮೇಲೆ ಪ್ರೀತಿ. ಅವಳು ಶಶಾಂಕನ ಕೈಹಿಡಿದು ಅಮೆರಿಕಕ್ಕೆ ಹೋಗುತ್ತಾಳೆ. ಅಲ್ಲಿ ಗಂಡನಿಗೆ ಡಾಲರಿನ ಧಾವಂತ, ಇವಳಿಗೆ ನಾಲ್ಕು ಗೋಡೆ. ಕೆಲಸದ ಮೇಲೆ ಸೂರ್ಯನೂ ಅಲ್ಲಿಗೆ ಬಂದಾಗ ಮನೆಯೊಳಗೆ ಅನುಮಾನ ಕಾಲಿಡುತ್ತದೆ. ಕೊನೆಯನ್ನು ನೋಡದವರಿಗಾಗಿ ಬಿಟ್ಟಿದ್ದೇವೆ.

ಹೆಸರುಗಳನ್ನೇ ಗಮನಿಸಿ: ಒಬ್ಬ ಸೂರ್ಯ, ಒಬ್ಬ ಚಂದ್ರ, ನಡುವೆ ಭೂಮಿ. ಉಳಿದವನು ಸ್ವಂತ ಬೆಳಕಿನವನು. ಹೋದವನದು ಎರವಲು ಬೆಳಕು. ಗೋಪಾಲಕೃಷ್ಣ ಅಡಿಗರ ‘ಮೋಹನ ಮುರಳಿ’ ಕವಿತೆಯನ್ನೂ ಚಿತ್ರ ಹಾಡಾಗಿ ಬಳಸಿತು. ಅಡಿಗರು ನಮ್ಮ ಕುಂದಾಪುರ ಸೀಮೆಯ ಮೊಗೇರಿಯವರು. 1992ರಲ್ಲಿ ತೀರಿಕೊಂಡರು, ತಮ್ಮ ಕವಿತೆ ಸಿನಿಮಾದ ಮೂಲಕ ಊರೂರು ಸುತ್ತಿದ್ದನ್ನು ನೋಡಲಿಲ್ಲ. ಇರುವುದನ್ನು ಬಿಟ್ಟು ದೂರದ್ದಕ್ಕೆ ತುಡಿಯುವ ಮನುಷ್ಯನ ಸ್ವಭಾವ ಆ ಕವಿತೆಯ ವಸ್ತು. ಚಿತ್ರದಲ್ಲಿ ಆ ದೂರದ ಸೆಳೆತಕ್ಕೆ ಅಮೆರಿಕ ಎಂಬ ಹೆಸರು ಬಂತು.

ಒಟ್ಟಿನಲ್ಲಿ ಸಿನಿಮಾದ ಸಮೀಕರಣ ಸರಳವಾಗಿತ್ತು. ಉಳಿದವನಲ್ಲಿ ಪ್ರೀತಿ, ಹೋದವನಲ್ಲಿ ದುಡ್ಡು. 1997ರಲ್ಲಿ ಊರಿನಲ್ಲಿ ಕೂತು ನೋಡುವಾಗ ಇದು ಸರಿಯೆಂದೇ ಕಾಣುತ್ತದೆ. ಕಡಲಾಚೆ ಕೂತು ನೋಡುವಾಗ ಒಂದು ಮಾತು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ: ಹೋದವನ ಪ್ರೀತಿಗೆ ಲೆಕ್ಕವಿಲ್ಲವೇ?

ಸಿನಿಮಾ ಮುಗಿದ ಮೇಲೆ: ಟೆಕ್ಸಸ್

ಈ ಪ್ರಶ್ನೆಗೆ ಒಂದು ಉತ್ತರ ಅಮೆರಿಕದ ಟೆಕ್ಸಸ್ ರಾಜ್ಯದಲ್ಲಿದೆ. ಟೆಕ್ಸಸ್ಸೇ ಯಾಕೆಂದರೆ, ಅದಕ್ಕೂ ನಮ್ಮ ಗಲ್ಫ್‌ಗೂ ಎಣ್ಣೆಯ ಸಂಬಂಧ. 1901ರಲ್ಲಿ ಟೆಕ್ಸಸ್‌ನ ಬ್ಯೂಮಾಂಟ್ ಬಳಿಯ ಸ್ಪಿಂಡಲ್‌ಟಾಪ್‌ನಲ್ಲಿ ಎಣ್ಣೆ ಚಿಮ್ಮಿತು. ಅಲ್ಲಿ ಹುಟ್ಟಿದ ಟೆಕ್ಸಸ್ ಕಂಪನಿ, ಅಂದರೆ ಮುಂದಿನ ಟೆಕ್ಸಾಕೊ, 1936ರಲ್ಲಿ ಸೌದಿ ಅರೇಬಿಯಾದ ಎಣ್ಣೆ ಹುಡುಕಾಟದಲ್ಲಿ ಅರ್ಧ ಪಾಲು ಕೊಂಡಿತು. 1938ರ ಮಾರ್ಚ್‌ನಲ್ಲಿ ದಮ್ಮಾಮ್‌ನ ಏಳನೇ ಬಾವಿಯಲ್ಲಿ ಎಣ್ಣೆ ಹೇರಳವಾಗಿ ಸಿಕ್ಕಿತು. ಇವತ್ತು ನಮ್ಮನ್ನು ಇಲ್ಲಿಗೆ ತಂದ ಎಲ್ಲ ಸಂಬಳಗಳ ಹಿಂದೆ ಅಂಥ ಬಾವಿಗಳಿವೆ. ಹ್ಯೂಸ್ಟನ್ನೂ ದಮ್ಮಾಮೂ ಒಂದೇ ಪೈಪಿನ ಎರಡು ತುದಿಗಳಿದ್ದಂತೆ. ಒಂದು ತುದಿಗೆ ಒಂದಷ್ಟು ಕನ್ನಡಿಗರು ಹೋದರು, ಇನ್ನೊಂದು ತುದಿಗೆ ನಾವು ಬಂದೆವು.

ಆದರೆ ಎರಡು ತುದಿಗಳ ಬಾಗಿಲು ಬೇರೆ ಬೇರೆ. ಅಮೆರಿಕ 1965ರಲ್ಲಿ ತನ್ನ ವಲಸೆ ಕಾನೂನು ಬದಲಿಸಿತು. ಹುಟ್ಟಿದ ದೇಶ ನೋಡಿ ಪಾಲು ಹಂಚುವ ಹಳೆಯ ಪದ್ಧತಿ ಹೋಗಿ, ವಿದ್ಯೆ ಮತ್ತು ಕುಟುಂಬದ ಆಧಾರದ ಮೇಲೆ ಒಳಗೆ ಬಿಡುವ ಪದ್ಧತಿ ಬಂತು. ನಮ್ಮ ಡಾಕ್ಟರುಗಳು, ಇಂಜಿನಿಯರುಗಳು ಹೊರಟದ್ದು ಆ ಬಾಗಿಲಿನಿಂದ. 1990ರ ಕಾನೂನು ಎಚ್-1ಬಿ ವೀಸಾ ತಂದಿತು. ವರ್ಷಕ್ಕೆ 65,000 ಎಂಬ ಮಿತಿಯೊಂದಿಗೆ. ಅದರ ಜೊತೆ ಹೆಂಡತಿ ಮಕ್ಕಳಿಗೆ ಎಚ್-4.

ಡಲ್ಲಾಸ್ ಮತ್ತು ಬೆಂಗಳೂರನ್ನು ಬೆಸೆದದ್ದು ಇನ್ನೊಂದು ಎಳೆ. ಡಲ್ಲಾಸ್‌ನ ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿ 1985ರಲ್ಲೇ ಬೆಂಗಳೂರಿನಲ್ಲಿ ತನ್ನ ವಿನ್ಯಾಸ ಕೇಂದ್ರ ತೆರೆಯಿತು. ಸಾಫ್ಟ್‌ವೇರ್ ಎಂಬ ಮಾತು ನಮ್ಮೂರುಗಳಿಗೆ ಬರುವ ಮೊದಲಿನ ಕಾಲ ಅದು. ಆಸ್ಟಿನ್ ಪಕ್ಕದ ರೌಂಡ್ ರಾಕ್‌ನ ಡೆಲ್ ಕಂಪ್ಯೂಟರ್ ಹೆಸರು ಹೇಳಬೇಕಾಗಿಯೇ ಇಲ್ಲ. ಹ್ಯೂಸ್ಟನ್‌ಗೆ ಎಣ್ಣೆಯ ಜೊತೆ ಆಸ್ಪತ್ರೆಗಳ ಹೆಸರೂ ಇದೆ. ಎಂ.ಡಿ. ಆಂಡರ್ಸನ್ ಕ್ಯಾನ್ಸರ್ ಆಸ್ಪತ್ರೆ ಇರುವ ಟೆಕ್ಸಸ್ ಮೆಡಿಕಲ್ ಸೆಂಟರ್ ಜಗತ್ತಿನಲ್ಲೇ ದೊಡ್ಡ ವೈದ್ಯಕೀಯ ಸಮುಚ್ಚಯ.

ಈ ಮೂರು ನಗರಗಳಲ್ಲಿ ‘ಹೋದ’ ಕನ್ನಡಿಗರು ಏನು ಮಾಡಿದರು? ಡಲ್ಲಾಸ್‌ನಲ್ಲಿ ‘ಮಲ್ಲಿಗೆ’ ಎಂದು ಸಂಘಕ್ಕೆ ಹೆಸರಿಟ್ಟರು. ಹ್ಯೂಸ್ಟನ್‌ನಲ್ಲಿ ‘ಕನ್ನಡ ವೃಂದ’, ಆಸ್ಟಿನ್‌ನಲ್ಲಿ ‘ಆಸ್ಟಿನ್ ಕನ್ನಡ ಸಂಘ’ ಕಟ್ಟಿದರು. ಅಮೆರಿಕದ ಕನ್ನಡ ಕೂಟಗಳ ಒಕ್ಕೂಟವಾದ ‘ಅಕ್ಕ’ದ ವಿಶ್ವ ಕನ್ನಡ ಸಮ್ಮೇಳನ 2000ದಲ್ಲಿ ಹ್ಯೂಸ್ಟನ್‌ನಲ್ಲಿ, 2018ರಲ್ಲಿ ಡಲ್ಲಾಸ್‌ನಲ್ಲಿ ನಡೆಯಿತು. ಡಾಲರಿಗಷ್ಟೇ ಹೋದವರು ಮಲ್ಲಿಗೆಯ ಹೆಸರು ನೆನಪಿಟ್ಟುಕೊಳ್ಳುವುದಿಲ್ಲ.

ಆಸ್ಟಿನ್‌ನದು ಇನ್ನೂ ಹಳೆಯ ಕಥೆ. ಹಾಸನದಲ್ಲಿ 1908ರಲ್ಲಿ ಹುಟ್ಟಿದ ರಾಜಾರಾವ್, ಮನೆಮಾತು ಕನ್ನಡವಾಗಿದ್ದರೂ ಇಂಗ್ಲಿಷಿನಲ್ಲಿ ಬರೆದು ದೊಡ್ಡ ಹೆಸರಾದವರು, 1966ರಿಂದ ಹಲವು ವರ್ಷ ಆಸ್ಟಿನ್‌ನ ಟೆಕ್ಸಸ್ ವಿಶ್ವವಿದ್ಯಾಲಯದಲ್ಲಿ ಭಾರತೀಯ ತತ್ವಶಾಸ್ತ್ರ ಕಲಿಸಿದರು. 2006ರ ಜುಲೈನಲ್ಲಿ ಅಲ್ಲೇ ಕಣ್ಣುಮುಚ್ಚಿದರು. ಅವರ ‘ಕಾಂತಾಪುರ’ (1938) ನಮ್ಮ ಸೀಮೆಯ ಹಳ್ಳಿಯೊಂದರ ಕಥೆ. ‘ದಿ ಸರ್ಪೆಂಟ್ ಅಂಡ್ ದಿ ರೋಪ್’ (1960) ದಕ್ಷಿಣ ಭಾರತದ ಹುಡುಗ ಮತ್ತು ಫ್ರೆಂಚ್ ಹುಡುಗಿಯ ಪ್ರೀತಿ, ಮದುವೆ, ಅಗಲಿಕೆಯ ಕಥೆ. ಕಡಲು ದಾಟಿದ ಪ್ರೀತಿಗೆ ಏನಾಗುತ್ತದೆ ಎಂದು ಹಾಸನದವರೊಬ್ಬರು ‘ಅಮೆರಿಕಾ ಅಮೆರಿಕಾ’ಕ್ಕಿಂತ ಮೂವತ್ತಾರು ಮೂವತ್ತೇಳು ವರ್ಷ ಮೊದಲೇ ಕೇಳಿದ್ದರು.

ಭೂಮಿಕಾಳ ನಾಲ್ಕು ಗೋಡೆ ಮಾತ್ರ ಸಿನಿಮಾದವರ ಕಲ್ಪನೆಯಲ್ಲ, ಅದು ಕಾನೂನು. ಎಚ್-4 ವೀಸಾದಲ್ಲಿ ಹೋದ ಹೆಂಡತಿ ಎಷ್ಟೇ ಓದಿದ್ದರೂ ದುಡಿಯುವಂತಿರಲಿಲ್ಲ. 2015ರ ಮೇ 26ರಿಂದ ಮಾತ್ರ, ಅದೂ ಗಂಡನ ಗ್ರೀನ್ ಕಾರ್ಡ್ ಅರ್ಜಿ ಒಂದು ಹಂತ ದಾಟಿದವರಿಗೆ, ಕೆಲಸದ ಅನುಮತಿ ಸಿಕ್ಕಿತು. ಗ್ರೀನ್ ಕಾರ್ಡಿನಲ್ಲಿ ಒಂದೊಂದು ದೇಶಕ್ಕೂ ಶೇ. 7ರ ಮಿತಿ ಇರುವುದರಿಂದ ಭಾರತೀಯರ ಸರದಿ ದಶಕಗಟ್ಟಲೆ ಉದ್ದ. ಅಪ್ಪನ ಸರದಿ ಬರುವ ಮೊದಲೇ ಮಗುವಿಗೆ 21 ತುಂಬಿದರೆ ಮಗುವಿನ ದಾರಿಯೇ ಬೇರೆಯಾಗುತ್ತದೆ. ಹಾಗಾಗಿ ಟೆಕ್ಸಸ್‌ನವರದ್ದೆಲ್ಲ ಹೂವಿನ ಹಾಸಿಗೆ ಎಂದು ನಾವು ಹೊಟ್ಟೆಕಿಚ್ಚು ಪಡಬೇಕಾಗಿಲ್ಲ. ಆದರೂ ಒಂದು ವ್ಯತ್ಯಾಸ ಉಳಿಯುತ್ತದೆ: ಅವರು ಕಾಯುವಾಗ ಮನೆಯವರು ಜೊತೆಗಿರುತ್ತಾರೆ.

ನಮ್ಮ ತುದಿ

ಯಾರು ಯಾವ ತುದಿಗೆ ಎಂಬುದು ಬಹಳ ಸಲ ಆಸೆಯಿಂದಲ್ಲ, ಓದಿದ ವರ್ಷಗಳಿಂದ ತೀರ್ಮಾನವಾಗುತ್ತದೆ. ನಮ್ಮ ಔಷಧಾಲಯದ ಕೆಲಸವನ್ನೇ ಉದಾಹರಣೆಗೆ ತೆಗೆದುಕೊಳ್ಳಿ. ಪಿಯುಸಿ ಮುಗಿಸಿ ಎರಡು ವರ್ಷದ ಡಿ.ಫಾರ್ಮ ಮಾಡಿದವರು ಪ್ರೊಮೆಟ್ರಿಕ್ ಪರೀಕ್ಷೆ, ದಾಖಲೆ ತಪಾಸಣೆ ಎಲ್ಲ ದಾಟಿ ಗಲ್ಫ್‌ನ ಆಸ್ಪತ್ರೆಗಳಲ್ಲಿ ಒಂದು ದರ್ಜೆಯ ಲೈಸೆನ್ಸ್ ಪಡೆಯಬಹುದು. ಅಮೆರಿಕದಲ್ಲಿ ಫಾರ್ಮಸಿಸ್ಟ್ ಆಗಬೇಕಾದರೆ 2003ರಿಂದ ಈಚೆಗೆ ಪದವಿ ಮುಗಿಸಿದ ವಿದೇಶಿಯರಿಗೆ ಕನಿಷ್ಠ ಐದು ವರ್ಷದ ಕೋರ್ಸ್ ಬೇಕು. ನಾಲ್ಕು ವರ್ಷದ ಬಿ.ಫಾರ್ಮ ಕೂಡ ಸಾಲದು, ನಮ್ಮ ಡಿಪ್ಲೊಮಾದ ಮಾತಂತೂ ಬೇಡ. ಬಡಗಿ, ಡ್ರೈವರ್, ನರ್ಸ್, ಅಡುಗೆಯವರು, ವೆಲ್ಡರ್, ಎಲ್ಲರ ಕಥೆಯೂ ಹೆಚ್ಚುಕಡಿಮೆ ಇದೇ. ಶಶಾಂಕನಿಗೆ ಹೋಗುವುದು ಬಿಡುವುದು ಆಯ್ಕೆಯಾಗಿತ್ತು. ನಮ್ಮಲ್ಲಿ ಅನೇಕರನ್ನು ಹೊರಡಿಸಿದ್ದು ಯಾವ ಮುರಳಿಯೂ ಅಲ್ಲ, ಸೊಸೈಟಿ ಸಾಲದ ನೋಟಿಸು ಅಥವಾ ತಂಗಿಯ ಮದುವೆ.

1973ರಲ್ಲಿ ಎಣ್ಣೆಯ ಬೆಲೆ ಏರಿದ ಮೇಲೆ ಗಲ್ಫ್ ದೇಶಗಳು ರಸ್ತೆ, ಬಂದರು, ಆಸ್ಪತ್ರೆ ಕಟ್ಟಲು ಜನ ಕರೆದವು. ಕರೆದದ್ದು ಕೈಗಳನ್ನು, ಕುಟುಂಬಗಳನ್ನಲ್ಲ. ಸ್ಪಾನ್ಸರ್ ಇದ್ದರೆ ವೀಸಾ, ಕೆಲಸ ಮುಗಿದರೆ ವಾಪಸು. ಇಲ್ಲಿ ಮೂವತ್ತು ವರ್ಷ ದುಡಿದರೂ ಪೌರತ್ವದ ಮಾತಿಲ್ಲ. ಹೆಂಡತಿಯನ್ನು ಕರೆಸಲೂ ಸಂಬಳದ ಗೆರೆ ಇದೆ: ಯುಎಇಯಲ್ಲಿ ತಿಂಗಳಿಗೆ 4,000 ದಿರ್ಹಮ್, ಅಥವಾ ಕಂಪನಿಯ ಮನೆ ಇದ್ದರೆ 3,000 ದಿರ್ಹಮ್. ಗೆರೆಯ ಮೇಲಿದ್ದವರೂ ಮನೆ ಬಾಡಿಗೆ, ಶಾಲೆಯ ಫೀಸು ಕೂಡಿಸಿ ನೋಡಿ ಸುಮ್ಮನಾಗುವುದುಂಟು. ಗೆರೆಯ ಕೆಳಗಿರುವವನ ಸಂಸಾರ ಎರಡು ವರ್ಷಕ್ಕೊಮ್ಮೆ ಬರುವ ಎರಡು ತಿಂಗಳ ರಜೆಯಲ್ಲಿ ನಡೆಯಬೇಕು.

ನಮ್ಮ ಪ್ರೇಮಕಥೆಯಲ್ಲಿ ಹಾಗಾಗಿ ಮೂರನೆಯವನು ಬೇಕಾಗಿಲ್ಲ. ಇಬ್ಬರೇ ಇದ್ದಾರೆ, ನಡುವೆ ಕಡಲಿದೆ. ಮೊದಲು ಹದಿನೈದು ದಿನಕ್ಕೊಮ್ಮೆ ಬರುವ ಏರ್‌ಮೇಲ್ ಕಾಗದ. ಆಮೇಲೆ ಊರಿಗೆ ಹೋಗುವವರ ಕೈಯಲ್ಲಿ ಕಳಿಸುತ್ತಿದ್ದ, ದನಿ ತುಂಬಿದ ಕ್ಯಾಸೆಟ್. ಆಮೇಲೆ ಫೋನ್ ಕಾರ್ಡ್ ಗೀಚಿ ನಂಬರ್ ಒತ್ತಿ, ನಿಮಿಷ ಎಣಿಸುತ್ತ ಆಡುವ ಮಾತು. ಈಗ ವೀಡಿಯೋ ಕಾಲ್. ಸಾಧನ ಬದಲಾಯಿತು, ದೂರ ಹಾಗೇ ಇದೆ.

ಆಸ್ಪತ್ರೆಯ ಔಷಧದ ಕೌಂಟರಿನಲ್ಲಿ ನಿಂತವರಿಗೆ ಈ ಪ್ರೀತಿ ಬೇರೆ ರೂಪದಲ್ಲಿ ಕಾಣುತ್ತದೆ. ತನ್ನ ಬಿ.ಪಿ. ಮಾತ್ರೆಯನ್ನು “ಮುಂದಿನ ತಿಂಗಳು ತಗೋತೀನಿ ಸರ್” ಎನ್ನುವವನೇ ಅಮ್ಮನಿಗೆ ಮಂಡಿನೋವಿನ ಮುಲಾಮನ್ನು ಎರಡೆರಡು ಕೊಳ್ಳುತ್ತಾನೆ. ರಜೆಗೆ ಹೊರಟವನು ಮಗುವಿನ ಟಾನಿಕ್ಕಿನ ಬಾಟಲಿ ಸೋರದ ಹಾಗೆ ಸುತ್ತಿಕೊಡಿ ಎಂದು ಕೇಳುತ್ತಾನೆ; ಅದರ ಎಕ್ಸ್‌ಪೈರಿ ದಿನಾಂಕವನ್ನು ಎರಡು ಸಲ ಓದಿಸುತ್ತಾನೆ. ಆ ಮಗುವನ್ನು ಅವನು ಎತ್ತಿಕೊಂಡಿರುವುದು ಒಂದೇ ಸಲ ಇರಬಹುದು. ಇಂಥವನನ್ನು ‘ದುಡ್ಡಿಗಾಗಿ ಹೋದವನು’ ಎನ್ನಲು ನಮಗೆ ನಾಲಿಗೆ ಬರುವುದಿಲ್ಲ. ಇವನ ಪಾಲಿಗೆ ಹೋಗುವುದೇ ಪ್ರೀತಿಸುವ ದಾರಿ. ‘ಅಮೆರಿಕಾ ಅಮೆರಿಕಾ’ದ ಸಮೀಕರಣ ತಪ್ಪುವುದು ಇಲ್ಲೇ.

ಬರೆದಿಟ್ಟವರು, ಬರೆಯಬೇಕಾದವರು

ನೆರೆಯವರು ಇದನ್ನು ಬೇಗ ಅರಿತರು. 1970ರ ದಶಕದಲ್ಲೇ ಎಸ್.ಎ. ಜಮೀಲ್ ಮಲಯಾಳದಲ್ಲಿ ‘ದುಬೈ ಕತ್ತುಪಾಟ್ಟು’ ಕಟ್ಟಿದರು. ದುಬೈಯಲ್ಲಿರುವ ಗಂಡನಿಗೆ ಊರಿನ ಹೆಂಡತಿ ಬರೆಯುವ ಕಾಗದವೇ ಹಾಡಾಯಿತು. ಆಮೇಲೆ ಗಂಡನ ಉತ್ತರವೂ ಬಂತು. 1980ರಲ್ಲಿ ಎಂ.ಟಿ. ವಾಸುದೇವನ್ ನಾಯರ್ ಕಥೆಯ ‘ವಿಲ್ಕಾನುಂಡು ಸ್ವಪ್ನಙ್ಙಳ್’ ಗಲ್ಫ್‌ಗೆ ಹೋದವನನ್ನು ತೆರೆಗೆ ತಂದಿತು. 2015ರ ‘ಪತ್ತೇಮಾರಿ’ಯಲ್ಲಿ ಮಮ್ಮೂಟ್ಟಿ ನಮ್ಮ ರೂಮಿನ ಹಿರಿಯ ಅಣ್ಣನಂತೆಯೇ ಕಾಣುತ್ತಾರೆ. ಬೆನ್ಯಾಮಿನ್ ಅವರ ‘ಆಡುಜೀವಿತಂ’ ಕಾದಂಬರಿ 2008ರಲ್ಲಿ ಬಂತು, 2024ರಲ್ಲಿ ಸಿನಿಮಾ ಆಯಿತು. ನಮ್ಮ ಕರಾವಳಿಯವರೂ ಸುಮ್ಮನಿರಲಿಲ್ಲ. 2014ರ ತುಳು ಸಿನಿಮಾ ‘ನಿರೆಲ್’ ಗಲ್ಫ್‌ನಲ್ಲೇ ಚಿತ್ರೀಕರಣಗೊಂಡಿತು. ಆದರೆ ‘ಅಮೆರಿಕಾ ಅಮೆರಿಕಾ’ದಷ್ಟು ಮನೆಮಾತಾದ ಗಲ್ಫ್ ಪ್ರೇಮಕಥೆ ಕನ್ನಡದಲ್ಲಿ ಇನ್ನೂ ಬಂದಿಲ್ಲ.

ಹೀಗಾಗಿ ಗಲ್ಫ್ ಕನ್ನಡಿಗ ಊರಿನ ಪತ್ರಿಕೆಯ ಮುಖಪುಟಕ್ಕೆ ಬರುವುದು ದುರಂತದ ದಿನವೇ. 2010ರ ಮೇ 22ರ ಬೆಳಿಗ್ಗೆ ದುಬೈಯಿಂದ ಹೊರಟ ವಿಮಾನ ಮಂಗಳೂರಿನಲ್ಲಿ ಇಳಿಯುವಾಗ ಕಣಿವೆಗೆ ಬಿದ್ದು 158 ಜನ ತೀರಿಕೊಂಡರು. ಉಳಿದವರು ಎಂಟೇ ಜನ. ಅಂದು ನಾಡೆಲ್ಲ ನಮ್ಮ ಹೆಸರು ಹೇಳಿತು. ಆ ಸೂಟ್‌ಕೇಸುಗಳಲ್ಲಿ ಯಾರಿಗೆ ಏನು ಇತ್ತು ಎಂಬುದು ಮಾತ್ರ ಆಯಾ ಮನೆಗಳಲ್ಲೇ ಉಳಿಯಿತು.

2007ರ ಕೊನೆಗೆ ದುಬೈ-ಹ್ಯೂಸ್ಟನ್, 2012ರಲ್ಲಿ ದುಬೈ-ಡಲ್ಲಾಸ್ ನೇರ ವಿಮಾನ ಶುರುವಾದ ಮೇಲೆ ಎರಡು ತುದಿಗಳ ಕನ್ನಡಿಗರು ಒಂದೇ ವಿಮಾನ ನಿಲ್ದಾಣದಲ್ಲಿ ಎದುರಾಗುತ್ತಾರೆ. ಒಬ್ಬರು ಕನ್ನಡ ಶಾಲೆಯ ಪುಸ್ತಕ ಹಿಡಿದ ಮಕ್ಕಳೊಂದಿಗೆ ಊರಿಗೆ ಹೊರಟಿರುತ್ತಾರೆ. ಇನ್ನೊಬ್ಬ ಮಕ್ಕಳ ಬಳಿಗೆ ಹೊರಟಿರುತ್ತಾನೆ. ಇಬ್ಬರೂ ‘ಹೋದವರೇ’. ಅವರ ಕಥೆಗೆ ಒಂದು ಸಿನಿಮಾ ಸಿಕ್ಕಿತು. ಅದು ಅವರನ್ನು ಕಟಕಟೆಯಲ್ಲಿ ನಿಲ್ಲಿಸಿತಾದರೂ ಕೊನೆಪಕ್ಷ ಅವರನ್ನು ಕಂಡಿತು. ನಮ್ಮನ್ನು ಇನ್ನೂ ಯಾರೂ ಹಾಗೆ ಕರೆದು ವಿಚಾರಿಸಿಲ್ಲ.

ಸಿನಿಮಾ ಮಾಡುವುದು ನಮ್ಮ ಕೈಯಲ್ಲಿಲ್ಲ. ಸಾಮಗ್ರಿ ಉಳಿಸುವುದು ನಮ್ಮ ಕೈಯಲ್ಲಿದೆ. ಹಳೆಯ ಕಾಗದಗಳನ್ನು ಮನೆ ಬಣ್ಣ ಹೊಡೆಸುವಾಗ ಎಸೆಯಬೇಡಿ ಎಂದು ಊರಿಗೆ ಫೋನ್ ಮಾಡಿ ಹೇಳಿ. ಟೇಪ್ ರೆಕಾರ್ಡರ್ ಕೆಟ್ಟಿದ್ದರೂ ಕ್ಯಾಸೆಟ್ ಇಟ್ಟುಕೊಳ್ಳಿ. ಅದರ ದನಿಯನ್ನು ಮೊಬೈಲಿಗೆ ಇಳಿಸಿಕೊಡುವವರು ಇದ್ದಾರೆ. ಎಂಬತ್ತರ ದಶಕದಲ್ಲಿ ಬಂದ ಹಿರಿಯರು ಒಬ್ಬೊಬ್ಬರಾಗಿ ವೀಸಾ ಮುಗಿಸಿ ಹೊರಡುತ್ತಿದ್ದಾರೆ. ಹೊರಡುವ ಮುಂಚೆ ಅವರನ್ನು ಕೂರಿಸಿ ಒಂದು ಗಂಟೆ ಮಾತಾಡಿಸಿ, ಮೊಬೈಲಿನಲ್ಲೇ ದನಿ ಹಿಡಿದಿಡಿ. ಮುಖ್ಯವಾಗಿ, ಊರಿನಲ್ಲಿ ಉಳಿದು ಅತ್ತೆ ಮಾವನನ್ನು ನೋಡಿಕೊಂಡು, ಗದ್ದೆ ಮಾಡಿಸಿ, ಬ್ಯಾಂಕಿಗೆ ಓಡಾಡಿ, ಮಕ್ಕಳನ್ನು ದಡ ಮುಟ್ಟಿಸಿದ ನಮ್ಮ ಮನೆಯಾಕೆಯರ ಮಾತು ಬರೆಸಿ. ಈ ಕಥೆಯ ಭೂಮಿಕಾ ಆಕೆಯೇ. ನಮ್ಮ ವಾರ್ಷಿಕ ಸಂಚಿಕೆಯಲ್ಲಿ ವರ್ಷಕ್ಕೆ ಇಂಥ ನಾಲ್ಕು ಪುಟ ಅಚ್ಚಾದರೂ ಹತ್ತು ವರ್ಷಕ್ಕೆ ನಲವತ್ತು ಪುಟ. ಮುಂದೆ ಯಾರೋ ಒಬ್ಬ ಕನ್ನಡ ಮೇಷ್ಟ್ರಿಗೆ ಕಥೆ ಬೇಕಾದಾಗ ಅದು ಸಿಕ್ಕೀತು.